ಮೊದಲು ಕಾಲು ನೆಲಕ್ಕೆ ತಾಗಲಿ!

ಮೈಸೂರು: ರಾತ್ರಿ ಎಂಟೂಮುಕ್ಕಾಲು. ಸಂತೆಪೇಟೆಯ ಅಂಗಡಿಗಳ ಷಟರುಗಳು ಒಂದೊಂದಾಗಿ ದಡದಡ ಎಂದು ಕೆಳಗಿಳಿಯುವ ಹೊತ್ತು. ಯಜಮಾನರು ಗಲ್ಲಾಪೆಟ್ಟಿಗೆಯ ಕಾಸು ಎಣಿಸುತ್ತಿದ್ದಾರೆ. ಕೆಲಸದ ಹುಡುಗನ ಕಣ್ಣು ಮಾತ್ರ ಗೋಡೆ ಗಡಿಯಾರದ ಮೇಲೆ. ನಂಜನಗೂಡು ರಸ್ತೆಯಿಂದ ಒಳಕ್ಕಿರುವ ಅವನ ಹಳ್ಳಿಯ ಕೊನೇ ಬಸ್ಸು ಇವತ್ತೂ ತಪ್ಪಿದರೆ ಗತಿಯೇನು? ಹೆದ್ದಾರಿಯವರೆಗೆ ಯಾವುದೋ ಒಂದು ಬಸ್ಸು ಸಿಕ್ಕೀತು. ಅಲ್ಲಿಂದ ಊರಿಗೆ ನಾಲ್ಕು ಕಿಲೋಮೀಟರು ಕತ್ತಲಲ್ಲಿ ಕಾಲುನಡಿಗೆ. ಜೊತೆಗೆ ನಾಯಿಗಳ ಕಾಟ ಬೇರೆ.

"ಇನ್ ಆಗಲ್ಲ ಅಣ್ಣ, ಒಂದ್ ಬೈಕ್ ತಗಂಡ್ಬುಡ್ತೀನಿ" ಎಂದ ಹುಡುಗ.

ಅಷ್ಟೇ! ಅಂಗಡಿ ಬೀದಿಯಲ್ಲಿ ಬಾಯಿ ಬಿಟ್ಟು ಹೇಳಬಾರದ ಸಂಗತಿಗಳು ಎರಡು. ಒಂದು, ಮದುವೆಗೆ ಹೆಣ್ಣು ನೋಡುತ್ತಿದ್ದೇನೆ ಎಂಬುದು. ಇನ್ನೊಂದು, ಗಾಡಿ ತಗೋತೇನೆ ಎಂಬುದು. ಎರಡಕ್ಕೂ ಕರೆಯದೇ ಬಂದು ಸಲಹೆ ಕೊಡುವವರು ಸಾಲುಗಟ್ಟಿ ನಿಲ್ಲುತ್ತಾರೆ.

ಮಾರನೇ ದಿನ ಬೆಳಗ್ಗೆ ಕಾಫಿ ಹೊತ್ತಿಗೆಲ್ಲ ಸಭೆ ಸೇರಿತು. ಪಕ್ಕದ ಹಾರ್ಡ್‌ವೇರ್ ಅಂಗಡಿಯವರದು ಒಂದೇ ಮಾತು: "ತಗೊಂಡ್ರೆ ಬುಲೆಟ್ ತಗೋಬೇಕಯ್ಯ. ಮಿಕ್ಕಿದ್ದೆಲ್ಲಾ ಸೈಕಲ್ಲು." ಯಜಮಾನರ ಅಕ್ಕನ ಮಗ ಕಾಲೇಜು ಹುಡುಗ. ಅವನ ಪ್ರಕಾರ ಇನ್ನೂರು ಸಿಸಿಗಿಂತ ಕಡಿಮೆಯದು ಆರು ತಿಂಗಳಿಗೇ ಬೇಜಾರು ಬರುತ್ತದೆ. ಕಾಫಿ ತಂದವನ ಬಳಿ ಆಗಲೇ ಒಂದು ಗಿರಾಕಿ ಸಿದ್ಧ: "ನಮ್ ಫ್ರೆಂಡ್ ಒಬ್ಬ ಮಾರ್ತಾವ್ನೆ. ನೂರೈವತ್ತು ಸಿಸಿ. ಕಣ್ ಮುಚ್ಕೊಂಡ್ ತಗೋಬೌದು."

ಕಣ್ಣು ಮುಚ್ಚಿಕೊಂಡು ತೆಗೆದುಕೊಂಡ ಬೈಕನ್ನು ಕಣ್ಣು ತೆರೆದುಕೊಂಡೇ ಓಡಿಸಬೇಕಲ್ಲ! ಅದನ್ನು ಯಾರೂ ಕೇಳಲಿಲ್ಲ. ಹುಡುಗನಿಗೆ ಸೈಕಲ್ಲು ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲ ಎಂಬುದೂ ಆ ಸಭೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಯಾದವಗಿರಿಯ ಕಾಲ

ಯಜಮಾನರು ಕೊನೆಗೆ ಬಾಯಿ ತೆರೆದರು. "ಗಾಡಿ ಅಂದ್ರೆ ಯೆಜ್ಡಿ ಕಣೋ. ನಮ್ಮೂರಿನದು."

ಆ ಅಭಿಮಾನಕ್ಕೆ ಕಾರಣವಿದೆ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಜೆಕೊಸ್ಲೊವಾಕಿಯಾದ ಜಾವಾ ಮೈಸೂರಿನ ಕೈಗಳಲ್ಲಿ ತಯಾರಾಗಿ ದೇಶವೆಲ್ಲ ಓಡಿತು. 1973ರಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರು! ಯಾದವಗಿರಿಯ ಗೇಟು 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವು ಮೈಸೂರಿನಲ್ಲಿ ತಯಾರಾದ ಗಾಡಿಗಳಲ್ಲ.

ಆ ಕಾಲದಲ್ಲಿ ಕೊಳ್ಳುವವನಿಗೆ ಆಯ್ಕೆಯ ತಲೆನೋವೇ ಇರಲಿಲ್ಲ. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸಿಕ್ಕಿದ್ದೇ ಸೀರುಂಡೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆಯಿಲ್ಲದ, ಕಡಿಮೆ ಕುಡಿದು ಹೆಚ್ಚು ಓಡುವ ಗಾಡಿ ಮಧ್ಯಮ ವರ್ಗದ ಕೈಗೆ ಬಂತು. ಅದೇ ವರ್ಷ ಬಂದ ಯಮಹಾ ಆರ್‌ಎಕ್ಸ್ 100 ಹುಡುಗರ ಎದೆ ಕದ್ದಿತು. ಹೊಟ್ಟೆಗೊಂದು, ಎದೆಗೊಂದು ಎಂಬ ಈ ಜಗಳ ಅಂದು ಶುರುವಾಗಿದ್ದು ಇನ್ನೂ ಮುಗಿದಿಲ್ಲ.

ಹುಡುಗ ಕೇಳಿದ: "ಅಣ್ಣ, ನೀವು ಯೆಜ್ಡಿಲೇ ಕಲ್ತಿದ್ದಾ?"

ಯಜಮಾನರು ಒಂದು ಗಳಿಗೆ ಸುಮ್ಮನಿದ್ದು, ಪಂಚೆಯನ್ನು ಮಂಡಿಯವರೆಗೆ ಎತ್ತಿದರು. ಮಂಡಿಯಿಂದ ಕೆಳಕ್ಕೆ ಒಂದು ಗೇಣುದ್ದದ ಹಳೇ ಗಾಯದ ಗುರುತು. "ಕಲ್ತಿದ್ದು ಮೂರನೇ ದಿನ. ಗನ್‌ಹೌಸ್ ಹತ್ರ. ಆರು ವಾರ ಮಲಗಿದ್ದೆ. ಅಂಗಡೀನ ನಮ್ಮಪ್ಪ ಒಬ್ರೇ ನೋಡ್ಕೊಂಡ್ರು." ಪಂಚೆ ಮತ್ತೆ ಕೆಳಗಿಳಿಯಿತು. ಇಪ್ಪತ್ತು ವರ್ಷದಿಂದ ಯೆಜ್ಡಿಯನ್ನು ಹೊಗಳುತ್ತಾ ಬಂದ ಯಜಮಾನರು ಈ ಭಾಗವನ್ನು ಹೇಳಿದ್ದು ಅದೇ ಮೊದಲು.

ಅವ್ವನ ಚೀಟಿ ದುಡ್ಡು

ಹುಡುಗನ ಮನೆಯಲ್ಲಿ ಬೇರೆಯದೇ ಸಭೆ. ಅಪ್ಪ ಇಲ್ಲ. ಅವ್ವ ಚೀಟಿ ಕಟ್ಟಿ ಕೂಡಿಸಿದ್ದು ಅರವತ್ತು ಸಾವಿರ. ಮನೆಯ ಮುಂದಕ್ಕೆ ಒಂದು ಶೀಟಿನ ಚಾವಡಿ ಹಾಕಿಸುವ ಆಸೆಯಿಂದ ಇಟ್ಟ ದುಡ್ಡು ಅದು.

"ಬ್ಯಾಡ ಕನ ಮಗ" ಎಂದರು ಆ ತಾಯಿ. ಪಕ್ಕದ ಬೀದಿಯ ಹುಡುಗನೊಬ್ಬ ಸಾಲ ಮಾಡಿ ದೊಡ್ಡ ಬೈಕು ತಂದಿದ್ದ. ತಂದ ತಿಂಗಳೊಳಗೆ ಹೆದ್ದಾರಿಯಲ್ಲಿ ಲಾರಿಯ ಹಿಂಬದಿಗೆ ಹೊಡೆದ. ಹುಡುಗ ಹೋದ, ಕಂತು ಉಳಿಯಿತು. ಆ ಮನೆಯವರು ಹೋದವನ ಬೈಕಿನ ಕಂತು ಕಟ್ಟುವುದನ್ನು ಊರೆಲ್ಲ ನೋಡಿದೆ.

ಆದರೆ ಮಗ ರಾತ್ರಿ ಹತ್ತಕ್ಕೆ ಕತ್ತಲಲ್ಲಿ ನಡೆದು ಬರುವುದನ್ನು ದಿನಾ ಬಾಗಿಲಲ್ಲಿ ಕೂತು ಕಾಯುವವರೂ ಅವರೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವ್ವನಿಗೆ ಬಸ್ಸು ಪುಕ್ಕಟೆ. ಮಗನಿಗೆ ಟಿಕೆಟ್ಟು, ಅದೂ 2025ರ ಜನವರಿಯಲ್ಲಿ ನೂರಕ್ಕೆ 15 ಏರಿದ ಟಿಕೆಟ್ಟು. ಕೊನೆಗೆ ಅವ್ವ ಒಂದು ಷರತ್ತು ಹಾಕಿದರು: "ತಗೊ. ಆದ್ರೆ ಯಾರಾದ್ರೂ ತಿಳ್ದೋರ್ನ ಕೇಳ್ಬುಟ್ಟು ತಗೊ."

ಕಾಫಿ ಸಭೆಯ ಪಂಡಿತರೆಲ್ಲ ತಿಳಿದವರೇ! ಹುಡುಗ ಬುದ್ಧಿವಂತ. ಅವರನ್ನೆಲ್ಲ ಬಿಟ್ಟು ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿಯ ಬಳಿ ಹೋದ. ಬೈಕು ಮಾರುವವನಿಗಿಂತ ಬಿದ್ದ ಬೈಕು ರಿಪೇರಿ ಮಾಡುವವನಿಗೆ ಹೆಚ್ಚು ಗೊತ್ತು ಎಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪಲಿಲ್ಲ.

ಮೇಸ್ತ್ರಿಯ ಮೂರು ಪ್ರಶ್ನೆ

ಮೇಸ್ತ್ರಿ ಯಾವ ಕಂಪನಿಯ ಹೆಸರನ್ನೂ ಎತ್ತಲಿಲ್ಲ. ಕೈಯ ಗ್ರೀಸು ಒರೆಸಿಕೊಂಡು ಮೂರು ಪ್ರಶ್ನೆ ಕೇಳಿದರು. ದಿನಾ ಎಷ್ಟು ದೂರ? ಹಿಂದೆ ಯಾರು ಕೂರ್ತಾರೆ? ಬಿದ್ರೆ ಒಬ್ನೇ ಎತ್ತಿ ನಿಲ್ಲಿಸ್ತೀಯಾ?

ಮೂರನೇ ಪ್ರಶ್ನೆಗೆ ಉತ್ತರ ಬಾಯಲ್ಲಿ ಬೇಡ ಎಂದು ರಿಪೇರಿಗೆ ಬಂದಿದ್ದ ಒಂದು ಬುಲೆಟ್ 350ರ ಮೇಲೆ ಹುಡುಗನನ್ನು ಕೂರಿಸಿದರು. ಸೀಟಿನ ಎತ್ತರ 805 ಮಿಲಿಮೀಟರು, ತೂಕ 195 ಕಿಲೋ. ಹುಡುಗ ಐದಡಿ ಮೂರಂಗುಲ. ತುದಿಗಾಲು ತಾಗಿತು, ಹಿಮ್ಮಡಿ ತಾಗಲಿಲ್ಲ. "ಹಿಂದಕ್ ತಳ್ಳು" ಎಂದರು ಮೇಸ್ತ್ರಿ. ಗ್ಯಾರೇಜಿನ ಮುಂದೆ ಚರಂಡಿ ಕಡೆಗೆ ಸ್ವಲ್ಪ ಇಳಿಜಾರು. ಗಾಡಿ ಒಂದು ಕಡೆಗೆ ವಾಲಿತು. ಮೇಸ್ತ್ರಿಯ ಕೈ ಸಿದ್ಧವಾಗಿ ಇಲ್ಲದಿದ್ದರೆ ಹುಡುಗನ ಕಾಲು ಅದರ ಕೆಳಗಿರುತ್ತಿತ್ತು.

ಹಾರ್ಡ್‌ವೇರ್ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ 195 ಕಿಲೋ ಎಂದರೆ ಹೆಚ್ಚುಕಡಿಮೆ ನಾಲ್ಕು ಮೂಟೆ ಸಿಮೆಂಟು. ಓಡುವಾಗ ಆ ತೂಕ ತಿಳಿಯುವುದಿಲ್ಲ. ತಿಳಿಯುವುದು ನಿಂತಾಗ, ಸಿಗ್ನಲ್ಲಿನಲ್ಲಿ, ಬಸ್ಸಿನ ಪಕ್ಕದಲ್ಲಿ, ಮರಳು ಚೆಲ್ಲಿದ ತಿರುವಿನಲ್ಲಿ. ಹೊಸಬರು ಬೀಳುವುದೂ ಬಹುಪಾಲು ಅಂಥ ಕಡೆಯೇ, ನಡೆಯುವಷ್ಟು ವೇಗದಲ್ಲೇ.

ಆಮೇಲೆ ಸ್ಪ್ಲೆಂಡರ್ ಪ್ಲಸ್. ಸೀಟು 785 ಮಿಲಿಮೀಟರು, ತೂಕ 112 ಕಿಲೋ, ಅಂದರೆ ಎರಡು ಮೂಟೆಗಿಂತ ಸ್ವಲ್ಪ ಹೆಚ್ಚು. ಅಂಗಾಲು ನೆಲದ ಮೇಲೆ ಸರಿಯಾಗಿ ಕೂತಿತು. ತಳ್ಳಿದ, ತಿರುಗಿಸಿದ, ಸೆಂಟರ್ ಸ್ಟ್ಯಾಂಡ್ ಹಾಕಿದ. ಬೆವರಲಿಲ್ಲ.

"ಎರಡು ಸೆಂಟಿಮೀಟರಲ್ಲಿ ಏನಣ್ಣ ಇದೆ?" ಎಂದ ಹುಡುಗ.

"ಹಿಮ್ಮಡಿ ಐತೆ" ಎಂದರು ಮೇಸ್ತ್ರಿ.

ಬುಲೆಟ್ಟು ಕೆಟ್ಟ ಗಾಡಿ ಎಂದು ಇದರ ಅರ್ಥವಲ್ಲ. ಆರಡಿ ಆಳಿಗೆ, ಕೈ ಪಳಗಿದವನಿಗೆ ಅದು ಸಲೀಸು. ಇಲ್ಲಿ ಪ್ರಶ್ನೆ ಗಾಡಿಯದಲ್ಲ, ಕೂರುವವನದು. ಅಳತೆಗೆ ತಕ್ಕ ಚಪ್ಪಲಿ ಹುಡುಕುವ ಜನ ಅಳತೆ ನೋಡದೆ ಬೈಕು ಕೊಳ್ಳುವುದೇಕೆ?

ಬೆಚ್ಚಿದ ಕೈ ತಿರುಗುತ್ತದೆ

ಇನ್ನು ಇನ್ನೂರು ಸಿಸಿಯ ಮಾತು. ನೂರು ಸಿಸಿಯ ಗಾಡಿಗೆ ಸುಮಾರು 8 ಅಶ್ವಶಕ್ತಿ. ಇನ್ನೂರು ಸಿಸಿಯ ಕೆಲವಕ್ಕೆ 20ರ ಮೇಲೆ. ಜೋರು ಗಾಡಿ ಕೊಂಡರೂ ನಿಧಾನವಾಗಿ ಓಡಿಸಿದರಾಯಿತು ಎಂಬುದು ಕಾಲೇಜು ಹುಡುಗನ ವಾದ.

ಮೇಸ್ತ್ರಿ ಅದಕ್ಕೆ ಒಂದು ಸೂಕ್ಷ್ಮ ಹೇಳಿದರು. ಎದುರಿಗೆ ನಾಯಿ ಅಡ್ಡ ಬಂತೆನ್ನಿ. ಹೊಸಬ ಬೆಚ್ಚುತ್ತಾನೆ. ಬೆಚ್ಚಿದವನ ಕೈ ಹಿಡಿದದ್ದನ್ನು ಬಿಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಬಿಗಿಹಿಡಿದ ಬಲಗೈ ಸ್ವಲ್ಪ ಒಳಕ್ಕೆ ತಿರುಗುತ್ತದೆ. ಅಂದರೆ ರೇಸು! ಸಣ್ಣ ಗಾಡಿ ಆ ತಪ್ಪಿಗೆ ಒಂದು ಜಗ್ಗು ಜಗ್ಗಿ ಸುಮ್ಮನಾಗುತ್ತದೆ. ದೊಡ್ಡದು ಮುಂದೆ ಹಾರುತ್ತದೆ. ಕಲಿಯುವವನು ತಪ್ಪು ಮಾಡಿಯೇ ಮಾಡುತ್ತಾನೆ. ಆ ತಪ್ಪನ್ನು ತಡೆದುಕೊಳ್ಳುವಂಥ ಗಾಡಿಯೇ ಮೊದಲ ಗಾಡಿ.

ಬ್ರೇಕಿನದೂ ಅದೇ ಪಾಠ. ಸೈಕಲ್ಲಿನಿಂದ ಬಂದವರಿಗೆ ಮುಂದಿನ ಬ್ರೇಕೆಂದರೆ ಭಯ, ಎಲ್ಲದಕ್ಕೂ ಹಿಂದಿನದನ್ನೇ ತುಳಿಯುತ್ತಾರೆ. ಆದರೆ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗಿ ಜಾರುತ್ತದೆ. ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನದು. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಮುಂದಿನದನ್ನು ನಿಂಬೆಹಣ್ಣು ಹಿಂಡಿದಂತೆ ಹಿಂಡಬೇಕು, ಕಿತ್ತುಕೊಂಡಂತೆ ಎಳೆಯಬಾರದು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಸಣ್ಣವಕ್ಕೆ ಒಂದು ಬ್ರೇಕು ಹಿಡಿದರೆ ಎರಡೂ ಚಕ್ರಕ್ಕೆ ಹಂಚುವ ಸಿಬಿಎಸ್ ಬಂತು. ಹಳೇ ಗಾಡಿ ಕೊಳ್ಳುವಾಗಲೂ 2019ರ ಈಚಿನದಾದರೆ ಹೊಸಬನಿಗೆ ಅಷ್ಟು ಆಸರೆ.

ವೇಗದ ಲೆಕ್ಕವನ್ನು ಬಸ್ಸಿನವರಿಗೆ ತಿಳಿಯುವಂತೆ ಹೇಳಬಹುದು. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವವನು ಒಂದು ಸೆಕೆಂಡಿಗೆ ಸುಮಾರು 17 ಮೀಟರು, ಅಂದರೆ ಒಂದೂವರೆ ಬಸ್ಸಿನಷ್ಟು ದೂರ ದಾಟಿರುತ್ತಾನೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಊಟಿ, ವಯನಾಡು ಕಡೆಯ ಲಾರಿಗಳು ಓಡುವ ನಂಜನಗೂಡು ರಸ್ತೆಯಲ್ಲಿ ಈ ಲೆಕ್ಕ ತಪ್ಪಿದರೆ ಅಳಿಸಿ ಮತ್ತೆ ಬರೆಯುವಂತಿಲ್ಲ.

ತಿಂಗಳ ಖರ್ಚು

ಹುಡುಗನ ಓಡಾಟ ಹೋಗಿ ಬರಲು 40 ಕಿಲೋಮೀಟರು. ತಿಂಗಳಿಗೆ 26 ದಿನದ ಕೆಲಸವೆಂದರೆ 1,040 ಕಿಲೋಮೀಟರು. ಲೀಟರಿಗೆ 60 ಕೊಡುವ ಗಾಡಿಯಾದರೆ ಹದಿನೇಳೂವರೆ ಲೀಟರಿನೊಳಗೆ ಮುಗಿಯಿತು. 30 ಕೊಡುವ ಗಾಡಿಯಾದರೆ ಮೂವತ್ತೈದು ಲೀಟರು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಸಾವಿರದ ಏಳುನೂರರ ಮೇಲೆ ವ್ಯತ್ಯಾಸ. ವರ್ಷಕ್ಕೆ ಇಪ್ಪತ್ತು ಸಾವಿರ ದಾಟಿತು. ಅವ್ವನ ಶೀಟಿನ ಚಾವಡಿಯ ದುಡ್ಡು ಸೈಲೆನ್ಸರಿನಲ್ಲಿ ಹೊಗೆಯಾಗಿ ಹೋಗುವುದು ಹೀಗೆ.

ಹೊಸದೇ ಬೇಕೆಂದರೆ ಷೋರೂಮಿನ ಬೋರ್ಡಿನ ಮೇಲಿರುವ ಬೆಲೆ ಬೇರೆ, ಗಾಡಿ ಹೊರಗೆ ಬರುವಾಗಿನ ಬೆಲೆ ಬೇರೆ. ವಿಮೆ, ಜೀವಾವಧಿ ತೆರಿಗೆ, ನೋಂದಣಿ ಎಲ್ಲ ಸೇರುತ್ತದೆ. ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕೆಂಬುದು 2018ರ ಸೆಪ್ಟೆಂಬರಿನಿಂದ ಬಂದ ನಿಯಮ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದದ್ದು ಕೊಳ್ಳುವವರಿಗೆ ಸ್ವಲ್ಪ ಉಸಿರು ಕೊಟ್ಟಿತು. ಕೊಡುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ಟು, ಹಿಂದೆ ಕೂರುವವರ ಹಿಡಿ, ಸೀರೆ ಸಿಕ್ಕದಂತೆ ಚಕ್ರಕ್ಕೆ ಕಾಪು ಇವೆಲ್ಲ ನಿಯಮದಲ್ಲೇ ಇವೆ. "ಅದು ಎಕ್ಸ್‌ಟ್ರಾ ಸಾರ್" ಎಂದವರಿಗೆ ನಿಯಮ ತೋರಿಸಿ ಕೇಳುವ ಹಕ್ಕು ಗಿರಾಕಿಗಿದೆ.

ಎಲ್ಲ ಸೇರಿ ಅವ್ವನ ಅರವತ್ತು ಸಾವಿರದಲ್ಲಿ ಹೊಸ ಗಾಡಿ ಬರುವುದಿಲ್ಲ. ಸಾಲ ಮಾಡಬೇಕು. ಹೋದವನ ಕಂತು ಕಟ್ಟುವ ಪಕ್ಕದ ಬೀದಿಯ ಮನೆ ಹುಡುಗನ ಕಣ್ಣಮುಂದೆ ಬಂತು. "ಸೆಕೆಂಡ್‌ಹ್ಯಾಂಡೇ ನೋಡು" ಎಂದರು ಮೇಸ್ತ್ರಿ. "ಹೊಸಬ ಒಂದೆರಡು ಸಲ ಬೀಳಿಸೇ ಬೀಳಿಸ್ತಾನೆ. ಗೀಚಿದ ಗಾಡಿ ಮೇಲೆ ಇನ್ನೊಂದು ಗೀಚು. ಹೊಟ್ಟೆ ಉರಿಯಲ್ಲ."

ಗಾಡಿ ನೋಡು, ಕಾಗದ ಓದು

ಮೊದಲು ನೋಡಲು ಹೋದದ್ದು ಕಾಫಿಯವನ ಫ್ರೆಂಡಿನ ನೂರೈವತ್ತು ಸಿಸಿಯನ್ನು. ಥಳಥಳ ಹೊಳೆಯುತ್ತಿತ್ತು. ಹುಡುಗನ ಕಣ್ಣೂ ಹೊಳೆಯಿತು.

ಮೇಸ್ತ್ರಿ ಮೊದಲು ಎಂಜಿನ್ನಿನ ಹತ್ತಿರ ಕೈಯೊಡ್ಡಿ ನೋಡಿದರು. ಬಿಸಿ! ಬರುವ ಮುಂಚೆಯೇ ಚಾಲೂ ಮಾಡಿಟ್ಟಿದ್ದಾನೆ. ತಣ್ಣಗಿರುವಾಗ ಒಂದೇ ಸಲಕ್ಕೆ ಶುರುವಾಗುತ್ತದೋ ಇಲ್ಲವೋ ಎಂಬುದೇ ಅಸಲಿ ಪರೀಕ್ಷೆ. ಅದನ್ನು ಮಾಡುವಂತಿಲ್ಲ. "ಟೈರು ಮೊನ್ನೆ ಹಾಕ್ಸಿದ್ದು" ಎಂದ ಮಾರುವವ. ಮೇಸ್ತ್ರಿ ಟೈರಿನ ಪಕ್ಕೆಯ ಮೇಲಿದ್ದ ನಾಲ್ಕು ಅಂಕಿ ಓದಿದರು: 2316. ಮೊದಲೆರಡು ವಾರ, ಕೊನೆಯೆರಡು ವರ್ಷ. 2016ರ ಇಪ್ಪತ್ಮೂರನೇ ವಾರ ತಯಾರಾದ ರಬ್ಬರು "ಮೊನ್ನೆ"ಯದಾಗಿತ್ತು. ರೇಸು ಕೊಟ್ಟಾಗ ಸೈಲೆನ್ಸರಿನಿಂದ ನೀಲಿ ಹೊಗೆ. ನಾಲ್ಕು ಸ್ಟ್ರೋಕಿನ ಎಂಜಿನ್ ನೀಲಿ ಹೊಗೆ ಬಿಟ್ಟರೆ ಒಳಗೆ ಆಯಿಲ್ ಸುಡುತ್ತಿದೆ ಎಂದೇ ಅರ್ಥ. ಹಿಂದೆ ಕೂತು ಕಣ್ಣಳತೆ ನೋಡಿದರೆ ಎರಡು ಚಕ್ರ ಒಂದೇ ಗೆರೆಯಲ್ಲಿಲ್ಲ. ಎಲ್ಲೋ ಹೊಡೆದು ಎದ್ದ ಗಾಡಿ!

ಇಷ್ಟಾದ ಮೇಲೆ ಕಾಗದ. ಆರ್‌ಸಿಯಲ್ಲಿ ಹೆಸರು ಬೇರೆಯವರದು, ಜಿಲ್ಲೆ ಬೇರೆ, ಸಾಲ ಕೊಟ್ಟ ಕಂಪನಿಯ ಹೆಸರು ಇನ್ನೂ ಅಳಿಸಿಲ್ಲ. "ಮೊದ್ಲು ಓಡಿಸ್ಕೊಂಡಿರಿ, ನೇಮ್ ಟ್ರಾನ್ಸ್‌ಫರ್ ಆಮೇಲ್ ನೋಡ್ಕೊಳಣ" ಎಂದ ಮಾರುವವ.

ಈ "ಆಮೇಲೆ" ಎಂಬುದು ಎಷ್ಟೋ ಮನೆಗಳನ್ನು ಕೋರ್ಟಿಗೆ ಎಳೆದಿದೆ. ಕೊಳ್ಳುವವರಿಗಿಂತ ಮಾರುವವರು ಇದನ್ನು ಹೆಚ್ಚು ತಿಳಿದಿರಬೇಕು. ಹಳೇ ಗಾಡಿಯನ್ನು ಯಾರಿಗೋ ಕೊಟ್ಟು ಕೈತೊಳೆದುಕೊಂಡ ಅಂಗಡಿಯವರು ಎಷ್ಟು ಮಂದಿ! ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿ ವರ್ಷಗಳಾಗಿದ್ದರೂ ಹೆಸರು ಬದಲಾಗದಿದ್ದರೆ ನೋಟೀಸು ಬರುವುದು ಹಳೇ ಮಾಲೀಕನ ಬಾಗಿಲಿಗೇ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಫಾರಂ 29 ಮತ್ತು 30ಕ್ಕೆ ಇಬ್ಬರ ಸಹಿ. ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಬೇರೆ ಆರ್‌ಟಿಓ ವ್ಯಾಪ್ತಿಯದಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಗಾಡಿಯ ಮೇಲೇ ಓದಿ ಆರ್‌ಸಿಗೆ ತಾಳೆ ನೋಡಬೇಕು. ವಿಮೆಯನ್ನೂ 14 ದಿನದೊಳಗೆ ಕೊಂಡವರ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಹದಿನೈದು ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಣವಾಗಿದೆಯೇ ಎಂದು ನೋಡಬೇಕು. ಯಜಮಾನರ ಯೆಜ್ಡಿ ಕನಸು ಮುರಿದು ಬಿದ್ದದ್ದು ಇಲ್ಲೇ. ಯಾದವಗಿರಿಯಿಂದ ಹೊರಬಂದ ಕೊನೆಯ ಗಾಡಿಗೂ ಕಾಲು ಶತಮಾನ ಕಳೆದಿದೆ. ಪ್ರೀತಿಗೆ ಇಟ್ಟುಕೊಳ್ಳುವವರಿಗೆ ಅದು ಚಿನ್ನ. ದಿನಾ ಹೊತ್ತಿಗೆ ಸರಿಯಾಗಿ ಷಟರು ತೆಗೆಯಬೇಕಾದವನಿಗೆ ಅಲ್ಲ.

ಎರಡು ವಾರ ಹುಡುಕಿದ ಮೇಲೆ ಸಿಕ್ಕಿದ್ದು ಒಬ್ಬ ನಿವೃತ್ತ ಗುಮಾಸ್ತರ ನೂರು ಸಿಸಿ. ನಾಲ್ಕು ವರ್ಷದ್ದು, ಒಂದೇ ಕೈ ಓಡಿಸಿದ್ದು. ಟ್ಯಾಂಕಿನ ಮೇಲೊಂದು ತಗ್ಗು. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಚಾಲೂ. ಸರ್ವಿಸ್ ಪುಸ್ತಕ, ರಸೀತಿ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ. "ನನ್ ಮೊಮ್ಮಗ ಇದನ್ನ ಓಡಿಸಲ್ವಂತೆ" ಎಂದರು ಅವರು ಬೇಸರದಿಂದ. ವ್ಯಾಪಾರ ಮುಗಿಯಿತು. ಹೆಸರು ಬದಲಾವಣೆಗೆ ಸಹಿಯೂ ಅಲ್ಲೇ ಆಯಿತು. ಅವ್ವನ ದುಡ್ಡಿನಲ್ಲಿ ಇನ್ನೂ ಸ್ವಲ್ಪ ಉಳಿಯಿತು.

ಉಳಿದ ದುಡ್ಡು ತಲೆಗೆ

ಆ ಉಳಿದ ದುಡ್ಡಿನಲ್ಲಿ ಮೇಸ್ತ್ರಿ ಮೊದಲು ಕೊಡಿಸಿದ್ದು ಎರಡು ಹೆಲ್ಮೆಟ್ಟು. ಎರಡೂ ಪೂರ್ತಿ ಮುಖ ಮುಚ್ಚುವಂಥವು, ಐಎಸ್‌ಐ ಗುರುತಿನವು. ರಸ್ತೆ ಬದಿಯ ಅರ್ಧ ಚಿಪ್ಪು ಪೊಲೀಸರ ಕಣ್ಣಿಗೆ ಮಣ್ಣೆರಚಲು ಸರಿ, ತಲೆ ಉಳಿಸಲು ಅಲ್ಲ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟನ್ನು ತಯಾರಿಸುವುದೂ ಮಾರುವುದೂ ಅಪರಾಧ. ಹಾಕಿಕೊಂಡರೆ ಸಾಲದು, ಗಲ್ಲದ ಪಟ್ಟಿ ಬಿಗಿಯಬೇಕು. ಬಿಗಿಯದ ಹೆಲ್ಮೆಟ್ಟು ಬೀಳುವಾಗ ತಲೆಗಿಂತ ಮೊದಲೇ ಹಾರಿ ಹೋಗುತ್ತದೆ.

"ಎರಡ್ ಯಾಕಣ್ಣ?" ಎಂದ ಹುಡುಗ. ಕೇಂದ್ರ ಸರ್ಕಾರದ ಲೆಕ್ಕ ಅದಕ್ಕೆ ಉತ್ತರ ಹೇಳುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಆ ಪೈಕಿ 14,337 ಮಂದಿ ಹಿಂದೆ ಕೂತಿದ್ದವರು. ಯಾರದೋ ಅಮ್ಮ, ಯಾರದೋ ಹೆಂಡತಿ, ಯಾರದೋ ಗೆಳೆಯ.

ಕಲಿಯುವುದಕ್ಕೂ ಒಂದು ಲೆಕ್ಕವಿದೆ. ಗೇರಿನ ಗಾಡಿಗೆ 18 ತುಂಬಿರಬೇಕು. ಕಲಿಕೆ ಲೈಸೆನ್ಸು ಆರು ತಿಂಗಳು ನಡೆಯುತ್ತದೆ. ಪಡೆದು 30 ದಿನವಾದ ಮೇಲೆ ಕಾಯಂ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಕಲಿಕೆ ಲೈಸೆನ್ಸಿನಲ್ಲಿರುವಾಗ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಇನ್ನು ಮೀಸೆ ಮೂಡದ ಮಗನ ಕೈಗೆ ಕೀಲಿ ಕೊಟ್ಟು ಹೆಮ್ಮೆ ಪಡುವ ಅಪ್ಪಂದಿರಿಗೆ ಒಂದು ಮಾತು. 2019ರ ತಿದ್ದುಪಡಿಯ ಪ್ರಕಾರ 18 ತುಂಬದ ಹುಡುಗ ಗಾಡಿ ಓಡಿಸಿ ಅನಾಹುತ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ.

ಬೈಕು ಬಂತು, ಬಸ್ಸು ಹೋಗಲಿಲ್ಲ

ಬೈಕು ತಂದ ಮೇಲೂ ಹುಡುಗ ಬಸ್ಸಿಗೇ ಬರುವುದನ್ನು ಕಂಡು ಕಾಫಿ ಸಭೆ ನಕ್ಕಿತು. "ಏನಯ್ಯಾ, ಗಾಡೀನ ಪೂಜೆಗಿಟ್ಟಿದ್ದೀಯಾ?"

ಪೂಜೆಗಿಟ್ಟಿರಲಿಲ್ಲ. ಮೇಸ್ತ್ರಿ ಹಾಕಿಕೊಟ್ಟ ದಾರಿ ಬೇರೆ. ಮೊದಲೆರಡು ಭಾನುವಾರ ಊರ ಶಾಲೆಯ ಬಯಲಿನಲ್ಲಿ ಅರ್ಧ ಕ್ಲಚ್ಚು, ಸಣ್ಣ ತಿರುವು, ಎರಡು ಬ್ರೇಕು. ಆಮೇಲೆ ಮನೆಯಿಂದ ಹೆದ್ದಾರಿಯವರೆಗಿನ ನಾಲ್ಕು ಕಿಲೋಮೀಟರು ಮಾತ್ರ. ಅಲ್ಲಿ ಗೂಡಂಗಡಿಯ ಪಕ್ಕ ಗಾಡಿ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ಮುಂದಕ್ಕೆ ಬಸ್ಸು. ಲಾರಿಗಳ ಹೆದ್ದಾರಿ ಕಾಯುತ್ತದೆ, ಎಲ್ಲಿಗೂ ಹೋಗುವುದಿಲ್ಲ.

ನೋಡಿದರೆ ಮೊದಲ ದಿನದ ತೊಂದರೆ ಇದ್ದದ್ದೂ ಅಷ್ಟೇ ತಾನೇ? ಆ ನಾಲ್ಕು ಕಿಲೋಮೀಟರು ಕತ್ತಲು! ಅದು ಮೊದಲ ವಾರವೇ ತೀರಿತು. ಕೊನೇ ಬಸ್ಸು ತಪ್ಪಿದರೂ ಹೆದ್ದಾರಿಯ ಬಸ್ಸು ಸಿಗುತ್ತದೆ, ಇಳಿದರೆ ಗಾಡಿ ನಿಂತಿದೆ. ಒಂದು ಸಲ ಮರಳಿನಲ್ಲಿ ಜಾರಿ ಬಿದ್ದ. ಒಬ್ಬನೇ ಎತ್ತಿ ನಿಲ್ಲಿಸಿದ. ಟ್ಯಾಂಕಿನ ತಗ್ಗಿಗೆ ಜೊತೆಯಾಗಿ ಒಂದು ಗೀಚು ಬಂತು. ಹೊಟ್ಟೆ ಉರಿಯಲಿಲ್ಲ.

ಕಾಯಂ ಲೈಸೆನ್ಸು ಕೈಗೆ ಬಂದ ಮೇಲಿನ ಮೊದಲ ಸೋಮವಾರ ಹುಡುಗ ಅಂಗಡಿಗೆ ಅರ್ಧ ದಿನ ರಜೆ ಕೇಳಿದ. ಅವ್ವನನ್ನು ನಂಜನಗೂಡಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕಂತೆ. "ಬಸ್ಸು ಪುಕ್ಸಟ್ಟೆ ಐತಲ್ಲ ಮಗ, ಸುಮ್ನೆ ಪೆಟ್ರೋಲ್ ಯಾಕೆ" ಎಂದು ಅವ್ವ ಗೊಣಗಿದರು. ಗೊಣಗುತ್ತಲೇ ಸೆರಗನ್ನು ಸೊಂಟಕ್ಕೆ ಬಿಗಿದು, ಎರಡನೇ ಹೆಲ್ಮೆಟ್ಟಿನೊಳಗೆ ತಲೆ ತೂರಿಸಿದರು. ಗಲ್ಲದ ಪಟ್ಟಿಯನ್ನು ಮಗನೇ ಬಿಗಿದ.

ಗಾಡಿ ಹೊರಡುವ ಮುಂಚೆ ಅವ್ವ ಕೆಳಗೆ ಬಗ್ಗಿ ನೋಡಿದರು. ಮಗನ ಎರಡು ಕಾಲೂ ನೆಲದ ಮೇಲೆ ಗಟ್ಟಿಯಾಗಿ ಊರಿದ್ದವು. "ಹೂಂ, ಹೊರಡು" ಎಂದರು.